ರೋಟಾ ಹನಿ: ಯಾವುದು ಹಾಕಿಸೋದು, ಯಾವಾಗ, ಎಷ್ಟರ ಮಟ್ಟಿಗೆ ಕಾಪಾಡುತ್ತೆ?

ಒಂದೂವರೆ ತಿಂಗಳ ಮಗುವಿನ ತಾಯಿ, ನನ್ನ ಗೆಳತಿ, ಮೊನ್ನೆ ಫೋನಿನಲ್ಲಿ ಬರೆದಿಟ್ಟುಕೊಂಡ ನಾಲ್ಕು ಸಂಖ್ಯೆ ತೋರಿಸಿದಳು. ಮಕ್ಕಳಿಗೆ ಜೋರು ಭೇದಿ ತರುವ ರೋಟಾ ವೈರಸ್ಸಿನ ವಿರುದ್ಧ ಬಾಯಿಗೆ ಹಾಕುವ ನಾಲ್ಕು ಲಸಿಕೆಗಳ ಹೆಸರು, ಪಕ್ಕದಲ್ಲಿ ಪ್ರತಿಯೊಂದೂ ಶೇಕಡಾ ಎಷ್ಟು ಕಾಪಾಡುತ್ತದೆ ಎಂಬುದು. ರೋಟಾಟೆಕ್ 97. ರೋಟಾರಿಕ್ಸ್ 93. ರೋಟಾವ್ಯಾಕ್ 57. ರೋಟಾಸಿಲ್ 48. ಕೆಳಗೆ ಒಂದು ಪ್ರಶ್ನೆ: "97 ಇರೋದನ್ನೇ ಹಾಕಿಸಿದರೆ ಮುಗೀತಲ್ವಾ?"

ಸಂಖ್ಯೆಗಳೆಲ್ಲ ಸರಿಯಾಗಿವೆ. ಹೋಲಿಕೆ ಮಾತ್ರ ತಪ್ಪು. ಮೊದಲ ಎರಡು ಬಂದದ್ದು ಮಕ್ಕಳ ಸಾವು ತೀರಾ ಕಮ್ಮಿ ಇರುವ ದೇಶಗಳಿಂದ. ಕೊನೆಯ ಎರಡು ಬಂದದ್ದು ಸಾವು ಜಾಸ್ತಿ ಇರುವ ದೇಶಗಳಿಂದ. ಒಬ್ಬನನ್ನು ಡಾಂಬರು ರಸ್ತೆಯಲ್ಲಿ, ಇನ್ನೊಬ್ಬನನ್ನು ಕೆಸರುಗದ್ದೆಯಲ್ಲಿ ಓಡಿಸಿ ಯಾರು ಜೋರು ಎಂದು ಕೇಳಿದ ಹಾಗೆ. ಮೊದಲಿನವನನ್ನೂ ಕೆಸರಿಗೆ ಇಳಿಸಿ ನೋಡಿ: ಅಂಥ ದೇಶಗಳಲ್ಲಿ ರೋಟಾರಿಕ್ಸ್ 58ಕ್ಕೆ ಇಳಿಯುತ್ತದೆ, ರೋಟಾಟೆಕ್ 57ಕ್ಕೆ. ಅಲ್ಲಿಗೆ ರೋಟಾವ್ಯಾಕ್ ಪಕ್ಕದಲ್ಲೇ ಬಂದು ನಿಂತವು. ಇವೆಲ್ಲ ಕೋಕ್ರೇನ್ ಸಂಸ್ಥೆಯವರು 2021ರಲ್ಲಿ ಹತ್ತಾರು ಪ್ರಯೋಗಗಳನ್ನು ಒಟ್ಟು ಸೇರಿಸಿ ಹಾಕಿದ ಲೆಕ್ಕ. ಲಸಿಕೆ ಹಾಕಿದ ಮೇಲೆ ಮೊದಲ ಒಂದು ವರ್ಷಕ್ಕೆ ಸೇರಿದ್ದು.

ಹಾಗಾಗಿ ಯಾವ ಬ್ರಾಂಡ್ ಎಂಬ ಪ್ರಶ್ನೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ನೋಡಬೇಕಾದ ಬೇರೆ ವಿಷಯಗಳಿವೆ. ಅದರಲ್ಲಿ ಒಂದು ಕ್ಯಾಲೆಂಡರ್. ಅದಕ್ಕೆ ಆಮೇಲೆ ಬರುತ್ತೇನೆ.

ಏನನ್ನು ತಡೆಯೋಕೆ ಈ ಹನಿ?

ಭೇದಿಯನ್ನೇ ಪೂರ್ತಿ ತಡೆಯುತ್ತೆ ಅಂದುಕೊಂಡು ಹಾಕಿಸಿದರೆ ಬೇಜಾರಾಗುತ್ತದೆ. ಈ ಲಸಿಕೆ ಕೆಲಸ ಮಾಡೋದು ಒಂದೇ ವೈರಸ್ ಮೇಲೆ. ಅದರಲ್ಲೂ ಅದರ ಜೋರನ್ನು ಮುರಿಯುವುದರಲ್ಲಿ ಇದರ ಶಕ್ತಿ ಇರೋದು.

1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಅವರ ಜೊತೆಗಾರರು ಭೇದಿಯಾದ ಮಕ್ಕಳ ಕರುಳಿನಿಂದ ಸಣ್ಣ ಚೂರು ತೆಗೆದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದರು. ದುಂಡಗಿನ ವೈರಸ್‌ಗಳು ತುಂಬಿಕೊಂಡಿದ್ದವು. ಆ ವೈರಸ್ ಗಾಡಿಯ ಚಕ್ರದಂತೆ ಕಾಣುವುದರಿಂದ ಅದಕ್ಕೆ ರೋಟಾ ಎಂಬ ಹೆಸರಾಯಿತು. ಲ್ಯಾಟಿನ್ ಭಾಷೆಯಲ್ಲಿ ರೋಟಾ ಅಂದರೆ ಚಕ್ರ. ಐದು ವರ್ಷ ತುಂಬುವುದರೊಳಗೆ ಜಗತ್ತಿನ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಇದು ಒಂದು ಸಲವಾದರೂ ತಗಲುತ್ತದೆ. ಶ್ರೀಮಂತರ ಮನೆ, ಬಡವರ ಮನೆ ಎಂಬ ಭೇದ ಇದಕ್ಕಿಲ್ಲ.

ಜೋರಾಗಿ ಬಂದಾಗ ಹೇಗಿರುತ್ತದೆ ಎಂದು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮೊದಲು ವಾಂತಿ. ಕುಡಿಸಿದ್ದು ಕುಡಿಸಿದ ಹಾಗೇ ಹೊರಗೆ. ಜೊತೆಗೆ ಜ್ವರ. ಆಮೇಲೆ ಭೇದಿ ಶುರು, ಬರೀ ನೀರು. ಡೈಪರ್ ಬಿಚ್ಚಿದರೆ ಒದ್ದೆಯಾಗಿರೋದು ಮೂತ್ರದಿಂದಲೋ ಭೇದಿಯಿಂದಲೋ ಗೊತ್ತಾಗದಷ್ಟು ತೆಳುವು. ದಿನಕ್ಕೆ ಎಂಟು, ಹತ್ತು ಸಲ. ಮಾರನೇ ದಿನದ ಹೊತ್ತಿಗೆ ಮಗು ಅತ್ತರೆ ಸದ್ದು ಇರುತ್ತೆ, ಕಣ್ಣೀರು ಇರೋದಿಲ್ಲ. ನಾಲಿಗೆ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಕಣ್ಣು ಗುಳಿ ಬೀಳುತ್ತವೆ, ನೆತ್ತಿ ತಗ್ಗಾಗುತ್ತದೆ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರೆ ತಟ್ಟನೆ ಕೂರುವುದಿಲ್ಲ, ಒಂದು ಕ್ಷಣ ಹಾಗೇ ನಿಂತಿರುತ್ತದೆ.

ಮಗುವನ್ನು ಸಾವಿನ ಹತ್ತಿರ ಒಯ್ಯೋದು ವೈರಸ್ ಅಲ್ಲ, ಹೀಗೆ ಹರಿದುಹೋಗುವ ನೀರು ಮತ್ತು ಉಪ್ಪು. ಕರುಳಿನ ಒಳಗೋಡೆಯಲ್ಲಿ ನೀರು ಹೀರಿಕೊಳ್ಳುವ ಜೀವಕೋಶಗಳನ್ನೇ ಈ ವೈರಸ್ ಹಾಳು ಮಾಡುತ್ತದೆ. ಜೊತೆಗೆ ಒಂದು ವಿಷದಂಥ ಪ್ರೊಟೀನ್ ಬಿಟ್ಟು ಕರುಳಿನೊಳಕ್ಕೆ ಇನ್ನಷ್ಟು ನೀರು ಸುರಿಯುವಂತೆ ಮಾಡುತ್ತದೆ.

ಲಸಿಕೆಯ ಪ್ರಯೋಗಗಳಲ್ಲಿ "ತೀವ್ರ" ಎಂದು ಕರೆಯೋಕೂ ಒಂದು ಅಳತೆ ಇದೆ. ಫಿನ್ಲೆಂಡಿನ ತಿಮೊ ವೆಸಿಕಾರಿ ಹೆಸರಿನ ಅಂಕಪಟ್ಟಿ. ಎಷ್ಟು ಸಲ ವಾಂತಿ, ಎಷ್ಟು ದಿನ ಭೇದಿ, ಜ್ವರ ಎಷ್ಟು, ನೀರು ಎಷ್ಟು ಕಮ್ಮಿಯಾಯಿತು ಎಂದೆಲ್ಲ ಕೂಡಿಸಿ 20ಕ್ಕೆ ಅಂಕ ಕೊಡುತ್ತಾರೆ. 11 ಅಥವಾ ಜಾಸ್ತಿ ಬಂದರೆ ತೀವ್ರ. ಮೇಲೆ ಹೇಳಿದ 97, 93, 57 ಎಲ್ಲವೂ ತೀವ್ರವಾದ ರೋಟಾ ಭೇದಿಗೆ ಮಾತ್ರ ಅನ್ವಯ. ಸಾಮಾನ್ಯ ಹೊಟ್ಟೆ ಕೆಡೋದಕ್ಕೆ ಅಲ್ಲ.

ಹನಿ ಬೇಡ, ಬೇರೆ ದಾರಿ ಇಲ್ವಾ?

ಇದು ನ್ಯಾಯವಾದ ಪ್ರಶ್ನೆ. ಲಸಿಕೆಗಳನ್ನು ಒಂದಕ್ಕೊಂದು ಹೋಲಿಸುವ ಮೊದಲು ಲಸಿಕೆಯನ್ನು ಉಳಿದ ದಾರಿಗಳ ಜೊತೆ ಹೋಲಿಸಬೇಕು.

"ನಾವು ಮನೆಯನ್ನು ತುಂಬ ಚೊಕ್ಕಟವಾಗಿ ಇಟ್ಟುಕೊಳ್ತೀವಿ, ನೀರು ಕುದಿಸ್ತೀವಿ." ಒಳ್ಳೆಯದೇ. ಕಾಲರಾ, ಟೈಫಾಯ್ಡ್‌ಗೆ ಇದು ದೊಡ್ಡ ಗೋಡೆ. ರೋಟಾಗೆ ಅಷ್ಟು ದೊಡ್ಡದಲ್ಲ. ಕಾಯಿಲೆ ಬಿದ್ದ ಮಗುವಿನ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ವೈರಸ್ ಇರುತ್ತವೆ. ಇನ್ನೊಂದು ಮಗುವಿಗೆ ಹತ್ತೋಕೆ ನೂರಕ್ಕಿಂತ ಕಮ್ಮಿ ಸಾಕು. ಆಟಿಕೆ ಮೇಲೆ, ಮಂಚದ ಅಂಚಿನ ಮೇಲೆ ದಿನಗಟ್ಟಲೆ ಬದುಕಿರುತ್ತದೆ. ಅಮೆರಿಕದಂಥ ದೇಶವನ್ನೇ ತಗೊಳ್ಳಿ. ನಲ್ಲಿ ನೀರು ಶುದ್ಧ, ಚರಂಡಿ ಮುಚ್ಚಿದ್ದು. ಆದರೂ ಲಸಿಕೆ ಬರುವ ಮೊದಲು ವರ್ಷಕ್ಕೆ 55,000ದಿಂದ 70,000 ಮಕ್ಕಳು ರೋಟಾ ಭೇದಿಯಿಂದ ಆಸ್ಪತ್ರೆ ಸೇರುತ್ತಿದ್ದರು. ಸಾಯುತ್ತಿದ್ದದ್ದು 20ರಿಂದ 60 ಮಕ್ಕಳು. ಅಂದರೆ ಶುಚಿತ್ವ ಮತ್ತು ಒಳ್ಳೆಯ ಆಸ್ಪತ್ರೆ ಸೇರಿ ಸಾವನ್ನು ತಡೆದವು, ಕಾಯಿಲೆಯನ್ನು ತಡೆಯಲಿಲ್ಲ.

"ಎದೆಹಾಲು ಕುಡಿಸ್ತಿದ್ದೀನಲ್ಲ." ಎದೆಹಾಲಿಗೆ ಸಮನಾದದ್ದು ಇಲ್ಲ, ಒಪ್ಪಿದೆ. ಎಲ್ಲ ಬಗೆಯ ಭೇದಿಗೂ ಅದು ಕಾವಲು. ಆದರೆ ರೋಟಾ ವಿಷಯದಲ್ಲಿ ಅದೊಂದನ್ನೇ ನಂಬಿ ಕೂರೋಕಾಗಲ್ಲ. ಎದೆಹಾಲು ಮತ್ತು ಹನಿ ಎರಡೂ ಇರಲಿ. ಇದು ಅಥವಾ ಅದು ಎಂಬ ಪ್ರಶ್ನೆಯೇ ಇಲ್ಲಿಲ್ಲ.

"ಒಂದು ಸಲ ಬಂದು ಹೋಗಲಿ ಬಿಡಿ, ಶಕ್ತಿ ತಾನಾಗೇ ಬರುತ್ತೆ." ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದಕ್ಕೇ ಇದು ಅಪಾಯ. ಮೆಕ್ಸಿಕೋದಲ್ಲಿ 200 ಮಕ್ಕಳನ್ನು ಹುಟ್ಟಿನಿಂದ ಎರಡು ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ರೋಟಾ ಎರಡು ಸಲ ತಗಲಿದ ಮಕ್ಕಳಲ್ಲಿ ಒಬ್ಬರಿಗೂ ಆಮೇಲೆ ಜೋರಾದ ರೋಟಾ ಭೇದಿ ಬರಲಿಲ್ಲ. ಅಂದರೆ ಸಹಜವಾಗಿ ಬಂದ ಸೋಂಕು ಕಾಪಾಡುತ್ತದೆ, ಸರಿ. ಲಸಿಕೆ ಮಾಡಿದ್ದೂ ಇದನ್ನೇ ನೋಡಿಕೊಂಡು. ಆದರೆ ಕಂಟಕ ಇರೋದು ಮೊದಲನೇ ಸಲದಲ್ಲೇ. ಸಾಮಾನ್ಯವಾಗಿ ಅದೇ ಎಲ್ಲಕ್ಕಿಂತ ಜೋರು. ಮಗು ತೀರಾ ಚಿಕ್ಕದಿರುವಾಗಲೇ ಬರೋದು. ಲಸಿಕೆ ಅಂದರೆ ಆ ಮೊದಲನೇ ಸಲವನ್ನು ನಮ್ಮ ಕೈಯಲ್ಲಿಟ್ಟುಕೊಂಡು, ಸೌಮ್ಯ ಮಾಡಿ, ನಾವೇ ದಿನ ಗೊತ್ತು ಮಾಡಿ ಕೊಡೋದು. ಅಷ್ಟೇ ವ್ಯತ್ಯಾಸ, ಆದರೆ ಆ ವ್ಯತ್ಯಾಸವೇ ಎಲ್ಲ.

"ಬಂದರೆ ಓಆರ್‌ಎಸ್ ಕೊಟ್ಟರಾಯ್ತು." ಓಆರ್‌ಎಸ್ ಎಷ್ಟು ಜೀವ ಉಳಿಸಿದೆ ಎಂದು ಲೆಕ್ಕ ಹಾಕೋಕೇ ಆಗಲ್ಲ. ಆದರೆ ಗುಟುಕಿಗೊಂದು ವಾಂತಿ ಮಾಡುವ ಆರು ತಿಂಗಳ ಮಗುವಿಗೆ ನಡುರಾತ್ರಿ ಚಮಚ ಚಮಚ ಕುಡಿಸಿ ನೋಡಿದವರನ್ನು ಕೇಳಿ. ಅದು ಎರಡನೇ ಗೋಡೆ. ಮೊದಲನೆಯದರ ಬದಲಿಗೆ ಅಲ್ಲ.

ನಾಲ್ಕು ಲಸಿಕೆಗಳು

ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮುಖ್ಯ ಲಸಿಕೆಗಳು ನಾಲ್ಕು. ನಾಲ್ಕೂ ಬಾಯಿಗೆ ಹಾಕುವಂಥವು, ಸೂಜಿ ಇಲ್ಲ. ನಾಲ್ಕರಲ್ಲೂ ಇರೋದು ಜೀವಂತ ಆದರೆ ಶಕ್ತಿಗುಂದಿದ ವೈರಸ್. ಚೀನಾ ಮತ್ತು ವಿಯೆಟ್ನಾಂನಲ್ಲಿ ಅವರವರೇ ಮಾಡಿಕೊಂಡ ಬೇರೆ ಲಸಿಕೆಗಳೂ ಇವೆ. ಅವನ್ನು ಇಲ್ಲಿ ಬಿಟ್ಟಿದ್ದೇನೆ.

ರೋಟಾರಿಕ್ಸ್ ಎರಡೇ ಡೋಸ್. ಒಳಗಿರೋದು ಮನುಷ್ಯರಲ್ಲಿ ಸಿಕ್ಕ ಒಂದೇ ತಳಿ. ಅಮೆರಿಕದ ಸಿನ್ಸಿನಾಟಿಯ ಒಂದು ಮಗುವಿನಿಂದ ಬಂದದ್ದನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ ಸಾಧುಗೊಳಿಸಿದ್ದು. ರೋಟಾಟೆಕ್ ಮೂರು ಡೋಸ್. ಕರುವಿನ ರೋಟಾ ವೈರಸ್ಸಿಗೆ ಮನುಷ್ಯರ ತಳಿಗಳ ಹೊರಕವಚ ಜೋಡಿಸಿದ ಐದು ತಳಿಗಳ ಮಿಶ್ರಣ. ಫಿಲಡೆಲ್ಫಿಯಾದಲ್ಲಿ ಫ್ರೆಡ್ ಕ್ಲಾರ್ಕ್, ಪಾಲ್ ಆಫಿಟ್, ಸ್ಟಾನ್ಲಿ ಪ್ಲಾಟ್ಕಿನ್ ಇದರ ಹಿಂದೆ ವರ್ಷಗಟ್ಟಲೆ ದುಡಿದರು. ಈ ಎರಡು ಲಸಿಕೆಗಳ ದೊಡ್ಡ ಪ್ರಯೋಗಗಳ ಫಲಿತಾಂಶ ಹೊರಬಂದದ್ದು 2006ರಲ್ಲಿ.

ರೋಟಾವ್ಯಾಕ್ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. 1985-86ರಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಆಗ ತಾನೇ ಹುಟ್ಟಿದ ಶಿಶುಗಳಲ್ಲಿ ರೋಟಾ ಸೋಂಕು ಕಂಡುಬಂತು. ಆದರೆ ಆ ಶಿಶುಗಳಿಗೆ ಭೇದಿಯೇ ಇರಲಿಲ್ಲ! ಮುಂದೆ ಜೋರಾದ ರೋಟಾದಿಂದಲೂ ಅವಕ್ಕೆ ರಕ್ಷಣೆ ಸಿಕ್ಕಿತ್ತು. ಮಹಾರಾಜ್ ಕಿಶನ್ ಭಾನ್ ಮತ್ತು ಅವರ ತಂಡ ಆ ತಳಿಯನ್ನು ಎತ್ತಿಟ್ಟುಕೊಂಡಿತು. ಹೆಸರು 116ಇ. ಅಲ್ಲಿಂದ ಲಸಿಕೆಯಾಗಿ ಮಗುವಿನ ಬಾಯಿ ತಲುಪೋಕೆ ಸುಮಾರು ಮೂವತ್ತು ವರ್ಷ ಹಿಡಿಯಿತು. ದೆಹಲಿ, ಪುಣೆ, ವೆಲ್ಲೂರಿನಲ್ಲಿ 6,799 ಶಿಶುಗಳ ಮೇಲೆ ಪ್ರಯೋಗ ನಡೆಯಿತು. ಮೊದಲ ವರ್ಷ 56% ರಕ್ಷಣೆ, ಎರಡನೇ ವರ್ಷ 49%. ಡೋಸ್ ಮೂರು, ಪ್ರತಿ ಸಲ ಐದೇ ಹನಿ.

ರೋಟಾಸಿಲ್ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನದು. ಇದೂ ಕರು ಮತ್ತು ಮನುಷ್ಯರ ತಳಿ ಬೆರೆಸಿದ ಐದು ತಳಿಗಳ ಲಸಿಕೆ, ಮೂರು ಡೋಸ್. ಇದರ ದೊಡ್ಡ ಗುಣ ಬಿಸಿ ತಡೆಯೋದು. ಒಣಪುಡಿಯಾಗಿ ಬರುತ್ತದೆ, ಹಾಕುವ ಮುಂಚೆ ದ್ರಾವಣದಲ್ಲಿ ಕಲಸುತ್ತಾರೆ. ಉಳಿದವಕ್ಕೆ ಫ್ರಿಜ್ ಬೇಕೇ ಬೇಕು. ರೋಟಾವ್ಯಾಕ್‌ನ ಮೊದಲ ಬಗೆಯನ್ನಂತೂ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಇಡಬೇಕಿತ್ತು. ಕರೆಂಟ್ ಹೋಗಿ ಬಂದು ಮಾಡುವ ಕಡೆ ಇದು ಸಣ್ಣ ವಿಷಯ ಅಲ್ಲ. ಫ್ರಿಜ್ ಕೆಟ್ಟು ಸತ್ತುಹೋದ ಲಸಿಕೆ ಕೊಡುವ ರಕ್ಷಣೆ ಸೊನ್ನೆ.

ರೋಟಾಸಿಲ್ ಅಂಕಿಗಳೇ ಇನ್ನೊಂದು ಪಾಠ ಹೇಳುತ್ತವೆ. ಆಫ್ರಿಕಾದ ನೈಜರ್ ದೇಶದ ಪ್ರಯೋಗದಲ್ಲಿ ಅದರ ರಕ್ಷಣೆ ಸುಮಾರು 67% ಬಂತು. ಭಾರತದ ಪ್ರಯೋಗದಲ್ಲಿ 40%ರ ಆಸುಪಾಸು. ಅದೇ ಲಸಿಕೆ, ಅದೇ ಕಾರ್ಖಾನೆ. ಬದಲಾಗಿದ್ದು ಊರು, ಮಕ್ಕಳು, ಅಲ್ಲಿ ಓಡಾಡುವ ವೈರಸ್. ಒಂದೇ ಲಸಿಕೆಯ ಒಳಗೇ ಇಷ್ಟು ಅಂತರ ಇರುವಾಗ, 57 ಮತ್ತು 48ರ ನಡುವೆ ಗೆರೆ ಎಳೆದು ಇದು ಮೇಲು, ಅದು ಕೀಳು ಅನ್ನೋದು ಸರಿಯಲ್ಲ. ಪ್ರತಿ ಲಸಿಕೆಯನ್ನೂ ಹೋಲಿಸಿದ್ದು ಔಷಧಿ ಇಲ್ಲದ ಹುಸಿ ಹನಿಯ ಜೊತೆ, ಒಂದಕ್ಕೊಂದು ಅಲ್ಲ.

ಒಂದು ತಳಿಯದಕ್ಕಿಂತ ಐದು ತಳಿಯದು ಒಳ್ಳೇದಲ್ವಾ ಎಂದು ತುಂಬ ಜನ ಕೇಳುತ್ತಾರೆ. ಕೇಳೋಕೆ ಹಾಗನ್ನಿಸುತ್ತೆ. ಆದರೆ ಒಂದು ತಳಿ ಕಲಿಸಿದ ಪಾಠವನ್ನು ದೇಹ ಇತರ ತಳಿಗಳ ಮೇಲೂ ಪ್ರಯೋಗಿಸುತ್ತದೆ. ಒಂದೇ ತಳಿಯ ರೋಟಾರಿಕ್ಸ್ ಮತ್ತು ಐದು ತಳಿಯ ರೋಟಾಟೆಕ್ ಒಂದೇ ಬಗೆಯ ದೇಶಗಳಲ್ಲಿ ಅಕ್ಕಪಕ್ಕವೇ ನಿಂತಿರೋದನ್ನು ನೋಡಿದಿರಲ್ಲ.

ಹಾಗಾದರೆ ಆರಿಸಿಕೊಳ್ಳುವಾಗ ನಿಜವಾಗಿ ಲೆಕ್ಕಕ್ಕೆ ಬರೋದೇನು? ಎಷ್ಟು ಸಲ ಹೋಗಬೇಕು ಎಂಬುದು ಒಂದು. ಪದೇ ಪದೇ ಹೋಗೋಕೆ ಕಷ್ಟವಾದರೆ ಎರಡೇ ಡೋಸಿನದು ಬೇಗ ಮುಗಿಯುತ್ತದೆ. ಮುಂದಿನ ಡೋಸಿಗೂ ಅದೇ ಲಸಿಕೆ ಸಿಗುತ್ತದೆಯೇ ಎಂಬುದು ಇನ್ನೊಂದು. ನಿಮ್ಮ ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಯಾವುದು ಇದೆಯೋ ಅದನ್ನು ಹೊತ್ತಿಗೆ ಸರಿಯಾಗಿ ಹಾಕಿಸುವವರು ಏನನ್ನೂ ಕಳೆದುಕೊಂಡಿಲ್ಲ. "ಒಳ್ಳೇ ಬ್ರಾಂಡ್" ಬರಲಿ ಎಂದು ಐದು ವಾರ ಕಾಯುವವರು ಕಳೆದುಕೊಳ್ಳುತ್ತಾರೆ.

57 ಅನ್ನೋ ಸಂಖ್ಯೆಯನ್ನು ಓದೋದು ಹೇಗೆ?

57% ಅಂದರೆ ನೂರು ಮಕ್ಕಳಲ್ಲಿ 57 ಮಕ್ಕಳಿಗೆ ಲಸಿಕೆ ಹತ್ತಿತು, 43 ಮಕ್ಕಳಿಗೆ ಹತ್ತಲಿಲ್ಲ ಎಂದಲ್ಲ. ಲಸಿಕೆ ಇಲ್ಲದಿದ್ದರೆ ತೀವ್ರವಾಗಿ ಬೀಳಬೇಕಿದ್ದ ಪ್ರತಿ ನೂರು ಮಕ್ಕಳಲ್ಲಿ 57 ಮಕ್ಕಳು ಬೀಳಲಿಲ್ಲ ಎಂದರ್ಥ. ಈಗ ಅಸಲಿ ಪ್ರಶ್ನೆ: ಲಸಿಕೆ ಇಲ್ಲದಿದ್ದರೆ ಎಷ್ಟು ಮಕ್ಕಳು ಬೀಳುತ್ತಿದ್ದರು?

2010ರಲ್ಲಿ ಪ್ರಕಟವಾದ ರೋಟಾರಿಕ್ಸ್ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಎರಡು ದೇಶ: ದಕ್ಷಿಣ ಆಫ್ರಿಕಾ ಮತ್ತು ಮಲಾವಿ. ದಕ್ಷಿಣ ಆಫ್ರಿಕಾದಲ್ಲಿ ರಕ್ಷಣೆ 76.9%. ಮಲಾವಿಯಲ್ಲಿ ಬರೀ 49.4%. ಮಲಾವಿಯಲ್ಲಿ ಲಸಿಕೆ ಸೋತಿತು ಅನ್ನಬೇಕೋ? ತಡೆದ ಕಾಯಿಲೆ ಎಣಿಸಿ ನೋಡಿ. ನೂರು ಶಿಶುಗಳಿಗೆ ಲಸಿಕೆ ಹಾಕಿದರೆ ದಕ್ಷಿಣ ಆಫ್ರಿಕಾದಲ್ಲಿ ವರ್ಷಕ್ಕೆ 4.2 ತೀವ್ರ ಪ್ರಕರಣ ತಪ್ಪಿದವು. ಮಲಾವಿಯಲ್ಲಿ 6.7 ತಪ್ಪಿದವು. ಕಮ್ಮಿ ಶೇಕಡಾದ ಊರಿನಲ್ಲಿ ಜಾಸ್ತಿ ಮಕ್ಕಳು ಉಳಿದುಕೊಂಡರು! ಯಾಕೆಂದರೆ ಮಲಾವಿಯಲ್ಲಿ ಕಾಯಿಲೆಯೇ ಎರಡು ಪಟ್ಟಿಗಿಂತ ಜಾಸ್ತಿ. ಬಿದ್ದವರನ್ನು ಎತ್ತೋಕೆ ಆಸ್ಪತ್ರೆ ದೂರ. ಅಂಥ ಕಡೆ 49ಕ್ಕೆ ಇರುವ ಬೆಲೆ ಬೇರೆ ಕಡೆಯ 97ಕ್ಕೂ ಇಲ್ಲ.

ಶೇಕಡಾ ಯಾಕೆ ಇಳಿಯುತ್ತೆ? ಒಂದೇ ಕಾರಣ ಇಲ್ಲ. ತಾಯಿಯಿಂದ ಹೊಟ್ಟೆಯಲ್ಲೇ ಬಂದ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನು ಬೆಳೆಯೋಕೆ ಬಿಡದೆ ಹಿಡಿದುಬಿಡಬಹುದು. ಪೋಲಿಯೊ ಹನಿ ಜೊತೆಗೇ ಕೊಟ್ಟಾಗ ಮೊದಲ ಡೋಸಿನ ಪರಿಣಾಮ ಸ್ವಲ್ಪ ತಗ್ಗುತ್ತದೆ. ಮಗುವಿನ ಕರುಳಿನಲ್ಲಿ ಆಗಲೇ ಬೇರೆ ಸೋಂಕುಗಳು ಸೇರಿಕೊಂಡಿರಬಹುದು. ಪೌಷ್ಟಿಕತೆಯ ಕೊರತೆ ಇರಬಹುದು. ಎದೆಹಾಲು ಅಡ್ಡಿಯಾಗುತ್ತಾ ಎಂಬ ಅನುಮಾನವೂ ಇತ್ತು. ಹನಿ ಹಾಕುವ ಹಿಂದೆಮುಂದೆ ಸ್ವಲ್ಪ ಹೊತ್ತು ಎದೆಹಾಲು ತಡೆದು ನೋಡಿದರು. ಏನೂ ಲಾಭ ಕಾಣಲಿಲ್ಲ. ಆದ್ದರಿಂದ ಹಾಲು ನಿಲ್ಲಿಸಬೇಡಿ, ಹಸಿದ ಮಗುವನ್ನು ಸುಮ್ನೆ ಅಳಿಸಬೇಡಿ.

ವರ್ಷ ಕಳೆದಂತೆ ರಕ್ಷಣೆ ಸವೆಯೋದೂ ನಿಜ. ಸಾವು ಜಾಸ್ತಿ ಇರುವ ದೇಶಗಳಲ್ಲಿ ಎರಡು ವರ್ಷದ ಲೆಕ್ಕ ತೆಗೆದರೆ ರೋಟಾರಿಕ್ಸ್ 35, ರೋಟಾಟೆಕ್ 44, ರೋಟಾವ್ಯಾಕ್ 54, ರೋಟಾಸಿಲ್ 44. ಸಾವು ಕಮ್ಮಿ ಇರುವ ದೇಶಗಳಲ್ಲಿ ಎರಡು ವರ್ಷವಾದರೂ ರೋಟಾರಿಕ್ಸ್ 90, ರೋಟಾಟೆಕ್ 96ರಲ್ಲೇ ನಿಂತಿವೆ. ಸವೆತ ನೋಡಿ ಗಾಬರಿ ಬೇಡ. ಸಾವು ಜಾಸ್ತಿ ಇರುವ ದೇಶಗಳಲ್ಲಿ ರೋಟಾ ಮಕ್ಕಳನ್ನು ಹೆಚ್ಚಾಗಿ ಹಿಡಿಯೋದು ಮೊದಲ ಹುಟ್ಟುಹಬ್ಬದ ಒಳಗೆ. ಲಸಿಕೆಯ ಜೋರು ಇರೋದೂ ಆಗಲೇ.

ಪ್ರಯೋಗದ ಹೊರಗೆ, ಇಡೀ ದೇಶಕ್ಕೆ ಹಾಕಿದಾಗ ಏನಾಯ್ತು? ಮೆಕ್ಸಿಕೋದಲ್ಲಿ ಲಸಿಕೆ ಬಂದ ಮೇಲೆ 2008ರ ಹೊತ್ತಿಗೆ ಐದು ವರ್ಷದೊಳಗಿನ ಮಕ್ಕಳ ಭೇದಿ ಸಾವು ಸುಮಾರು 35% ಇಳಿಯಿತು. ಇದು ರೋಟಾ ಒಂದರಿಂದ ಆದ ಸಾವಲ್ಲ, ಎಲ್ಲ ಬಗೆಯ ಭೇದಿಯ ಸಾವು. ಇಂಗ್ಲೆಂಡಿನಲ್ಲಿ 2013ರ ಜುಲೈಯಲ್ಲಿ ಶುರು ಮಾಡಿದರು. ಮುಂದಿನ ಋತುವಿನಲ್ಲೇ ಶಿಶುಗಳಲ್ಲಿ ಪರೀಕ್ಷೆಯಿಂದ ಖಚಿತವಾದ ರೋಟಾ 77% ಕಮ್ಮಿಯಾಯಿತು. ಲಸಿಕೆ ಹಾಕಿಸದ ದೊಡ್ಡ ಮಕ್ಕಳಲ್ಲೂ ಇಳಿಯಿತು. ಮನೆಯ ಚಿಕ್ಕ ಮಗುವಿಗೆ ಬರದಿದ್ದರೆ ಅಣ್ಣನಿಗೆ ಹತ್ತಿಸೋರು ಯಾರು?

ಕ್ಯಾಲೆಂಡರ್

ಬೇರೆ ಎಷ್ಟೋ ಲಸಿಕೆಗಳನ್ನು ತಡವಾದರೂ ಹಾಕಿಸಬಹುದು. ರೋಟಾಗೆ ಬಾಗಿಲು ಮುಚ್ಚುತ್ತದೆ. ಇದೊಂದನ್ನು ಹೆತ್ತವರಿಗೆ ಮೊದಲೇ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ ಎಂಬುದು ನನ್ನ ದೂರು.

ಆರು ವಾರ ತುಂಬಿದ ಕೂಡಲೇ ಮೊದಲ ಡೋಸ್ ಹಾಕಿಸಬಹುದು. ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕು. ಅಮೆರಿಕದ ನಿಯಮದಲ್ಲಿ ಮೊದಲ ಡೋಸಿಗೆ ಕೊನೆಯ ದಿನ 14 ವಾರ 6 ದಿನ. ಕೊನೆಯ ಡೋಸ್ ಎಂಟು ತಿಂಗಳು ತುಂಬುವುದರೊಳಗೆ ಮುಗಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಈ ಕಟ್ಟನ್ನು ಸಡಿಲ ಮಾಡಿತು. ಸಾವು ಜಾಸ್ತಿ ಇರುವ ಕಡೆ ತಡವಾಗಿ ಬಂದ ಮಗುವನ್ನು ವಾಪಸ್ ಕಳಿಸುವುದರಿಂದ ಆಗುವ ನಷ್ಟವೇ ದೊಡ್ಡದು ಎಂಬುದು ಅದರ ಲೆಕ್ಕ. ಎರಡು ವರ್ಷ ದಾಟಿದ ಮೇಲೆ ಮಾತ್ರ ಬೇಡ ಅನ್ನುತ್ತದೆ. ನಿಮ್ಮ ದೇಶದ ನಿಯಮ ಬೇರೆಯೇ ಇರಬಹುದು. ಮಗು ಹುಟ್ಟಿದ ವಾರವೇ ಕೇಳಿ ಬರೆದಿಟ್ಟುಕೊಳ್ಳಿ. ನೆಗಡಿ, ಸಣ್ಣ ಜ್ವರ ಎಂದು ಮುಂದೂಡುತ್ತ ಹೋದರೆ ಆ ದಿನ ಕೈತಪ್ಪುತ್ತದೆ. ಸಣ್ಣ ನೆಗಡಿಗೆಲ್ಲ ಮುಂದೂಡುವ ಅಗತ್ಯವೂ ಇಲ್ಲ. ಜೋರು ವಾಂತಿ-ಭೇದಿ ಇದ್ದರೆ ಮಾತ್ರ ಅದು ಕಮ್ಮಿಯಾಗುವವರೆಗೆ ಕಾಯುತ್ತಾರೆ.

ದಿನ ತುಂಬುವ ಮುಂಚೆ ಹುಟ್ಟಿದ ಮಗುವಿಗೂ ಹುಟ್ಟಿದ ದಿನದಿಂದಲೇ ವಾರ ಎಣಿಸಬೇಕು.

ಕರುಳಿನ ಭಯ

ಈ ವಯಸ್ಸಿನ ಮಿತಿ ಯಾಕೆ ಎಂದರೆ ಹಳೆಯ ಕಥೆಯೊಂದನ್ನು ಹೇಳಬೇಕು. ರೋಟಾಶೀಲ್ಡ್ ಎಂಬ ಲಸಿಕೆಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದೇ ವರ್ಷ. 1999ರಲ್ಲಿ ವಾಪಸ್ ತೆಗೆದುಕೊಂಡರು. ಸುಮಾರು 10,000 ಮಕ್ಕಳಿಗೆ ಒಬ್ಬರಂತೆ ಕರುಳು ಒಂದರೊಳಗೊಂದು ನುಗ್ಗಿ ಸಿಕ್ಕಿಕೊಳ್ಳುವ ತೊಂದರೆ ಕಂಡುಬಂತು. ಅಂಗಿಯ ತೋಳು ಒಳಗಿನಿಂದ ಅರ್ಧ ಮಡಚಿ ಹೋದ ಹಾಗೆ. ಡಾಕ್ಟರುಗಳು ಇದಕ್ಕೆ ಇಂಟಸಸೆಪ್ಷನ್ ಅನ್ನುತ್ತಾರೆ. ಹೀಗಾದವರಲ್ಲಿ ಹೆಚ್ಚಿನವರು ಮೊದಲ ಡೋಸನ್ನೇ ಮೂರು ತಿಂಗಳ ಮೇಲೆ ತೆಗೆದುಕೊಂಡವರು.

ಅದಕ್ಕೇ ಆಮೇಲಿನ ಲಸಿಕೆಗಳನ್ನು ತುಂಬ ದೊಡ್ಡ ಗುಂಪುಗಳಲ್ಲಿ ಪರೀಕ್ಷಿಸಿದರು. ರೋಟಾರಿಕ್ಸ್ 63,000ಕ್ಕೂ ಹೆಚ್ಚು ಶಿಶುಗಳಲ್ಲಿ, ರೋಟಾಟೆಕ್ ಸುಮಾರು 70,000 ಶಿಶುಗಳಲ್ಲಿ. ಆ ಪ್ರಯೋಗಗಳಲ್ಲಿ ಅಪಾಯ ಹೆಚ್ಚಾದದ್ದು ಕಾಣಲಿಲ್ಲ. ಕೋಟಿಗಟ್ಟಲೆ ಮಕ್ಕಳಿಗೆ ಹಾಕಿದ ಮೇಲೆ ಕೆಲವು ದೇಶಗಳಲ್ಲಿ ಸಣ್ಣ ಪ್ರಮಾಣದಲ್ಲಿ ಕಂಡಿತು. ಅಮೆರಿಕದ ಲೆಕ್ಕದಲ್ಲಿ 20,000ದಿಂದ 1,00,000 ಮಕ್ಕಳಿಗೆ ಒಬ್ಬರು. ಲಸಿಕೆಗೆ ಸಂಬಂಧವೇ ಇಲ್ಲದೆ ಈ ತೊಂದರೆ ಶಿಶುಗಳಿಗೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತದೆ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿ.

ಹಾಗೆಂದು ಮರೆತುಬಿಡಿ ಎಂದು ಹೇಳುತ್ತಿಲ್ಲ. ಬಂದರೆ ಹೆಚ್ಚಾಗಿ ಮೊದಲ ಅಥವಾ ಎರಡನೇ ಡೋಸ್ ಆದ ಒಂದು ವಾರದೊಳಗೆ ಬರುತ್ತದೆ. ಮಗು ಕಾಲು ಹೊಟ್ಟೆಗೆ ಎಳೆದುಕೊಂಡು ಚೀರಿ ಅಳುತ್ತದೆ. ಕೆಲವು ನಿಮಿಷ ಸುಮ್ಮನಾಗಿ ಮತ್ತೆ ಚೀರುತ್ತದೆ. ವಾಂತಿ ಹಸಿರಾಗಿರಬಹುದು. ಮಲದಲ್ಲಿ ರಕ್ತ ಮತ್ತು ಸಿಂಬಳದಂಥ ಅಂಟು. ಇಂಥದ್ದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಹನಿ ಹಾಕಿದ ದಿನಾಂಕವನ್ನು ಡಾಕ್ಟರಿಗೆ ಹೇಳಿ. ಬೇಗ ಹೋದರೆ ಎಷ್ಟೋ ಸಲ ಆಪರೇಷನ್ ಇಲ್ಲದೇ, ಗುದದ್ವಾರದಿಂದ ಗಾಳಿ ಅಥವಾ ದ್ರವ ಒತ್ತಿ ಕರುಳನ್ನು ಬಿಡಿಸುತ್ತಾರೆ.

ಹಿಂದೆ ಒಮ್ಮೆ ಹೀಗಾದ ಮಗುವಿಗೆ, ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿಯೇ ಇಲ್ಲದ ತೀವ್ರ ಕಾಯಿಲೆ ಇರುವ ಮಗುವಿಗೆ, ಮೊದಲ ಡೋಸಿಗೆ ಜೋರಾದ ಅಲರ್ಜಿಯಾದ ಮಗುವಿಗೆ ಈ ಹನಿ ಬೇಡ.

ಹನಿ ಹಾಕಿಸುವ ದಿನ

ನನ್ನ ಎರಡನೇ ಮಗ ಮೊದಲ ಡೋಸಿನ ದಿನ ನಾಲಿಗೆಯಿಂದ ತಳ್ಳಿ ಅರ್ಧ ಗಲ್ಲದ ಮೇಲೆ ಹರಿಸಿದ್ದ. ನರ್ಸ್ ಬಟ್ಟೆಯಲ್ಲಿ ಒರೆಸಿ "ಪರವಾಗಿಲ್ಲ ಬಿಡಿ" ಅಂದರು. ನನಗೆ ಸಮಾಧಾನ ಇರಲಿಲ್ಲ. ಆಮೇಲೆ ಓದಿ ತಿಳಿದದ್ದು: ಉಗುಳಿದ್ದಕ್ಕೆ ಸಾಮಾನ್ಯವಾಗಿ ಮತ್ತೆ ಹಾಕುವುದಿಲ್ಲ, ಉಳಿದ ಡೋಸುಗಳನ್ನು ಆಯಾ ದಿನಕ್ಕೆ ಹಾಕುತ್ತಾರೆ. ಎರಡನೇ ಸಲ ನರ್ಸ್ ಅವನನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ ಹಿಡಿಯೋಕೆ ಹೇಳಿದರು. ಹನಿಯನ್ನು ನಾಲಿಗೆ ಮೇಲೆ ಹಾಕದೆ ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಟ್ಟರು. ಚಪ್ಪರಿಸಿಕೊಂಡು ನುಂಗಿದ.

ಕಾರ್ಡಿನಲ್ಲಿ "ರೋಟಾ" ಎಂದಷ್ಟೇ ಬರೆಸಿಕೊಂಡು ಬರಬೇಡಿ. ಯಾವ ಲಸಿಕೆ ಎಂಬುದನ್ನೂ ಬರೆಸಿ. ಮುಂದಿನ ಸಲ ಬೇರೆ ಊರಿನಲ್ಲಿ ಬೇರೆ ಲಸಿಕೆ ಸಿಕ್ಕರೆ ಇದು ಬೇಕಾಗುತ್ತದೆ. ಅದೇ ಲಸಿಕೆ ಮುಂದುವರಿಸೋದು ಒಳ್ಳೆಯದು. ಸಿಗದಿದ್ದರೆ ಇರೋದನ್ನೇ ಹಾಕಿಸಿ ಮುಗಿಸಬೇಕು, ಬಿಡಬಾರದು. ಬೆರಕೆಯಾದಾಗ ಅಥವಾ ಮೊದಲು ಹಾಕಿದ್ದು ಯಾವುದೆಂದು ಗೊತ್ತಿಲ್ಲದಾಗ ಒಟ್ಟು ಮೂರು ಡೋಸ್ ಲೆಕ್ಕ.

ಹನಿ ಹಾಕಿದ ಮೇಲೆ ಕೆಲವು ದಿನ ಲಸಿಕೆಯ ವೈರಸ್ ಮಲದಲ್ಲಿ ಹೊರಬರುತ್ತದೆ. ಡೈಪರ್ ಬದಲಿಸಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಇದ್ದರೆ ಇದನ್ನು ತಪ್ಪಿಸಲೇಬೇಡಿ.

ಹಾಕಿಸಿದ ಮೇಲೂ ಭೇದಿಯಾದರೆ

ಆಗುತ್ತದೆ. ನೊರೊವೈರಸ್, ಶಿಗೆಲ್ಲಾ, ಕ್ರಿಪ್ಟೊಸ್ಪೊರಿಡಿಯಂ, ಇ-ಕೋಲಿ ಎಂದು ಭೇದಿಗೆ ಕಾರಣಗಳು ಎಷ್ಟೋ ಇವೆ. ಮೇಲೆ ಹೇಳಿದ ದಕ್ಷಿಣ ಆಫ್ರಿಕಾ-ಮಲಾವಿ ಪ್ರಯೋಗದಲ್ಲೇ ನೋಡಿ: ಎರಡೂ ದೇಶ ಸೇರಿ ತೀವ್ರ ರೋಟಾ ಭೇದಿಯ ವಿರುದ್ಧ 61.2% ರಕ್ಷಣೆ. ಕಾರಣ ಯಾವುದೇ ಇರಲಿ, ಎಲ್ಲ ತೀವ್ರ ಭೇದಿಯನ್ನೂ ಲೆಕ್ಕಕ್ಕೆ ಹಿಡಿದರೆ 30.2%. ಒಂದೇ ವೈರಸ್ಸಿನ ಲಸಿಕೆಯಿಂದ ಒಟ್ಟು ತೀವ್ರ ಭೇದಿ ಮೂರರಲ್ಲಿ ಒಂದು ಪಾಲಿನಷ್ಟು ಇಳಿಯೋದು ನನ್ನ ಕಣ್ಣಿಗೆ ದೊಡ್ಡದೇ. ಆದರೆ ಉಳಿದ ಎರಡು ಪಾಲಿಗೆ ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇರಲೇಬೇಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, ಅಂದಾಜಿನ ಮೇಲೆ ಬೇಡ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ. ಜೊತೆಗೆ ಜಿಂಕ್, ಡಾಕ್ಟರ್ ಹೇಳಿದ ಅಳತೆಯಲ್ಲಿ, ಭೇದಿ ನಿಂತರೂ ಬಿಡದೆ ಸಾಮಾನ್ಯವಾಗಿ 10ರಿಂದ 14 ದಿನ. ಎದೆಹಾಲು ನಿಲ್ಲಿಸಬೇಡಿ.

ಕೆನ್ನೆಗೆ ಹನಿ ಹಾಕಿಸಿಕೊಂಡ ಆ ಮಗನಿಗೆ ಹದಿನಾಲ್ಕು ತಿಂಗಳಿಗೆ ಭೇದಿಯಾಯಿತು. ರೋಟಾವೋ ಬೇರೆಯದೋ, ಪರೀಕ್ಷೆ ಮಾಡಿಸಲಿಲ್ಲ. ಎರಡು ದಿನ ವಾಂತಿ, ಮೂರು ದಿನ ನೀರು ಭೇದಿ. ರಾತ್ರಿ ಎದ್ದೆದ್ದು ಹೊಟ್ಟೆಯ ಚರ್ಮ ಹಿಡಿದೆತ್ತಿ ನೋಡುತ್ತಿದ್ದೆ. ಬಿಟ್ಟ ತಕ್ಷಣ ಕೂರುತ್ತಿತ್ತು. ನಾಲ್ಕನೇ ದಿನ ಬೆಳಗ್ಗೆ ಓಆರ್‌ಎಸ್ ಚಮಚವನ್ನು ನನ್ನ ಕೈಯಿಂದ ಕಿತ್ತುಕೊಂಡು ನೆಲಕ್ಕೆ ಎಸೆದ, ಅಡುಗೆಮನೆಯ ಕಡೆ ಕೈ ತೋರಿಸಿದ.